ಪುಸ್ತಕಕ್ಕೆ ಏರದ ದುಡಿಮೆ

ದಕ್ಷಿಣ ಕನ್ನಡದ ಸವಣೂರಿನ ನಮ್ಮ ಮನೆಯ ಗೋದ್ರೇಜಿನ ಕೆಳಗಿನ ಅರೆಯಲ್ಲಿ ಅಮ್ಮನ ಬೀಡಿ ಪುಸ್ತಕಗಳು ಈಗಲೂ ಇವೆ. ರಟ್ಟಿನ ಮೂಲೆಗಳು ಸವೆದಿವೆ, ಹಾಳೆಗಳಿಗೆ ಹಿಡಿದ ಹೊಗೆಸೊಪ್ಪಿನ ವಾಸನೆ ಹೋಗಿಲ್ಲ. ತಾರೀಕು, ಬೀಡಿ ಕಂಪನಿಯ ಬ್ರಾಂಚಿನಿಂದ ತಂದ ಎಲೆ ಎಷ್ಟು, ಸೊಪ್ಪು ಎಷ್ಟು, ಕಟ್ಟಿ ಕೊಟ್ಟ ಬೀಡಿ ಎಷ್ಟು, ಸರಿಯಿಲ್ಲವೆಂದು ತೆಗೆದದ್ದು ಎಷ್ಟು, ಎಲ್ಲ ನೀಲಿ ಶಾಯಿಯಲ್ಲಿ ಬರೆದಿದೆ. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಐವತ್ತು ಬೀಡಿ ಕಡಿಮೆ ಬರೆದರೆ ಬ್ರಾಂಚಿನವರ ಎದುರು ನಿಂತು, "ಪುನಃ ಎಣಿಸಿ" ಎನ್ನುತ್ತಿದ್ದಳು. ಎಣಿಸುವವರೆಗೆ ಕದಲುತ್ತಿರಲಿಲ್ಲ. ಪಕ್ಕದಲ್ಲಿ ಶಾಲೆಯ ಚೀಲ ಹಾಕಿಕೊಂಡು ನಿಂತ ನನಗೆ ನಾಚಿಕೆಯಾಗುತ್ತಿತ್ತು.

ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಹದಿನಾಲ್ಕು ವರ್ಷ ಟೆಸ್ಟಿಂಗ್ ಕೆಲಸ ಮಾಡಿದೆ. ನನ್ನ ಬಳಿಯೂ ಒಂದು ಪುಸ್ತಕ ಇತ್ತು, ಕಂಪ್ಯೂಟರಿನ ಒಳಗೆ. ಅದರ ಹೆಸರು ಟೈಮ್‌ಶೀಟ್. ಪ್ರತಿ ಶುಕ್ರವಾರ ಸಂಜೆ ತುಂಬಿಸಬೇಕು. ಬೆಳಿಗ್ಗೆ ಒಂಬತ್ತೂವರೆಗೆ ಲ್ಯಾಪ್‌ಟಾಪ್ ತೆರೆದು, ಅಮೆರಿಕದ ಕ್ಲೈಂಟ್ ಜೊತೆಗಿನ ಕಾಲ್ ಮುಗಿಸಿ ರಾತ್ರಿ ಹನ್ನೊಂದಕ್ಕೆ ಮುಚ್ಚಿದ ದಿನವೂ ಆ ಚೌಕದಲ್ಲಿ ನಾನು ಬರೆದದ್ದು 9. ಕೆಲಸಕ್ಕೆ ಸೇರಿದ ಹೊಸತರಲ್ಲಿ ಗೊತ್ತಿಲ್ಲದೆ 12 ಎಂದು ಬರೆದಿದ್ದೆ. ಮ್ಯಾನೇಜರ್ ಕರೆದು, "ಇಷ್ಟು ಗಂಟೆ ತೋರಿಸಿದರೆ ನಮ್ಮ ಎಸ್ಟಿಮೇಟೇ ತಪ್ಪು ಎಂದಾಗುತ್ತದೆ, 9 ಹಾಕು" ಎಂದರು. ಹಾಕಿದೆ. ಹದಿನಾಲ್ಕು ವರ್ಷವೂ ಹಾಕಿದೆ. ನಾಲ್ಕನೇ ಕ್ಲಾಸಿನ ಅಮ್ಮ ಐವತ್ತು ಬೀಡಿ ಬಿಟ್ಟುಕೊಡಲಿಲ್ಲ. ಇಂಜಿನಿಯರಿಂಗ್ ಓದಿದ ಮಗಳು ವಾರಕ್ಕೆ ಹದಿನೈದು ಗಂಟೆ ಬಿಟ್ಟುಕೊಟ್ಟಳು, ಅದೂ ತನ್ನ ಕೈಯಿಂದಲೇ ಸುಳ್ಳು ಬರೆದು.

ಇದನ್ನು ಈಗ ಬರೆಯಲು ಕಾರಣ ಊರಿನ ಒಂದು ಮನೆ ಒಕ್ಕಲಿನಲ್ಲಿ ಕೇಳಿದ ಮಾತು. ಊಟದ ನಂತರ ಹಿರಿಯರು ಚಪ್ಪರದ ಕೆಳಗೆ ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. ಬೆಂಗಳೂರಿನ ಕೆಲಸ ಬಿಟ್ಟು ಬಂದಿರುವ ಒಬ್ಬ ಹುಡುಗನ ವಿಷಯ ಬಂತು. "ಎಸಿಯಲ್ಲಿ ಕೂತು ಕೆಲಸ. ತಿಂಗಳಾಗುವಾಗ ಸಂಬಳ. ಇವನಿಗೆ ಎಂಥ ಕಷ್ಟ ಮಾರಾಯ್ರೇ? ಈಗಿನವರಿಗೆ ಹೊಂದಿಕೊಂಡು ಹೋಗಲು ಗೊತ್ತಿಲ್ಲ. ಅನ್ನ ಕೊಟ್ಟ ಕಂಪನಿ ಅಲ್ವಾ?" ಸುತ್ತ ಕೂತವರೆಲ್ಲ ತಲೆಯಾಡಿಸಿದರು. ಆ ಹುಡುಗ ಅಲ್ಲೇ ಬಡಿಸುವವರ ಸಾಲಿನಲ್ಲಿ ಸಾರಿನ ಬಕೆಟು ಹಿಡಿದು ನಿಂತಿದ್ದ. ಅವನ ಮುಖ ನೋಡಿದೆ. ನಾನೂ ಏನೂ ಹೇಳಲಿಲ್ಲ. ಆ ದಿನ ಬಾಯಿ ಮುಚ್ಚಿಕೊಂಡಿದ್ದಕ್ಕೆ ಈ ಲೇಖನ ನನ್ನ ಪ್ರಾಯಶ್ಚಿತ್ತ.

ಅನ್ನ ಕೊಟ್ಟ ಕಂಪನಿ ಎಂಬ ಮಾತೇ ಸುಳ್ಳು. ಕಂಪನಿ ಅನ್ನ ಕೊಡುವುದಿಲ್ಲ, ದುಡಿಮೆಯನ್ನು ಕ್ರಯಕ್ಕೆ ಕೊಳ್ಳುತ್ತದೆ. ನಮ್ಮ ಊರಿನಲ್ಲಿ ಅಡಿಕೆಗೆ ಮದ್ದು ಬಿಡಲು ಬರುವವರ ಹತ್ತಿರ ಯಾರಾದರೂ ಹೀಗೆ ಮಾತಾಡಿ ನೋಡಲಿ. ಮಳೆ ಬಿಟ್ಟ ದಿನ ಅವರು ಸಿಗಬೇಕಾದರೆ ತೋಟದ ಯಜಮಾನರು ನಾಲ್ಕು ಸಲ ಫೋನು ಮಾಡಬೇಕು, ಬಂದವರಿಗೆ ಹೊತ್ತು ಹೊತ್ತಿಗೆ ಚಾ, ಮಧ್ಯಾಹ್ನ ಊಟ ಆಗಬೇಕು, ಸಂಜೆಯ ಹೊತ್ತಾದರೆ ಅವರು ಮರದಿಂದ ಇಳಿಯುತ್ತಾರೆ. "ಇನ್ನು ಇಪ್ಪತ್ತೇ ಮರ, ರಾತ್ರಿ ಟಾರ್ಚು ಹಿಡಿದು ಮುಗಿಸಿಬಿಡಿ, ಕೂಲಿ ಅಷ್ಟೇ" ಎಂದು ಹೇಳುವ ಧೈರ್ಯ ಯಾವ ಯಜಮಾನರಿಗಿದೆ? ಹಾಗೆ ಹೇಳಿದರೆ ಮರುವರ್ಷ ಆ ತೋಟಕ್ಕೆ ಯಾರೂ ಬರುವುದಿಲ್ಲ. ಅದು ಸರಿಯಾದದ್ದೇ. ಅದೇ ಯಜಮಾನರು ಬೆಂಗಳೂರಿನಲ್ಲಿರುವ ಮಗನಿಗೆ ರಾತ್ರಿ ಹತ್ತಕ್ಕೆ ಫೋನು ಮಾಡಿ, ಅವನು ಇನ್ನೂ ಆಫೀಸಿನಲ್ಲೇ ಇದ್ದಾನೆಂದು ತಿಳಿದಾಗ ಹೆಮ್ಮೆಪಡುತ್ತಾರೆ. ತೋಟದ ಕೆಲಸಗಾರನ ಸಂಜೆಗೆ ಇರುವ ಬೆಲೆ ಸ್ವಂತ ಮಗನ ಸಂಜೆಗೆ ಏಕಿಲ್ಲ?

ಸಂಬಳದ ಮಾತು ಬರುತ್ತದೆ. ಊರಿನಲ್ಲಿ ಸಾಫ್ಟ್‌ವೇರ್ ಎಂದರೆ ಲಕ್ಷ ಎಂದೇ ಲೆಕ್ಕ. ದೊಡ್ಡ ಐಟಿ ಸೇವಾ ಕಂಪನಿಗಳು ಹೊಸಬರಿಗೆ ಹದಿನೈದು ವರ್ಷದ ಹಿಂದೆ ವರ್ಷಕ್ಕೆ 3 ಲಕ್ಷದ ಆಸುಪಾಸು ಕೊಡುತ್ತಿದ್ದವು. ಈಗಲೂ ಬಹಳ ಹುಡುಗರಿಗೆ ಸಿಗುವುದು 3.5 ಲಕ್ಷದ ಆಸುಪಾಸು. ಈ ಹದಿನೈದು ವರ್ಷದಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ, ಊಟ, ಊರಿಗೆ ಬರುವ ರಾತ್ರಿ ಬಸ್ಸಿನ ಟಿಕೆಟು ಎಲ್ಲಿಗೆ ಹೋಗಿವೆ? ಹತ್ತು ವರ್ಷ ಸರ್ವಿಸಾದವರಿಗೆ ಒಳ್ಳೆಯ ಸಂಬಳ ಇದೆ, ಒಪ್ಪುತ್ತೇನೆ. ಅದು ಒಂಬತ್ತು ಗಂಟೆಯ ಕೆಲಸಕ್ಕೆ ಮಾತಾಡಿಕೊಂಡ ಸಂಬಳ. ಹದಿಮೂರನೇ ಗಂಟೆಯ ದುಡಿಮೆಯನ್ನು ಬಿಟ್ಟಿ ಪಡೆಯಲು ಅದು ಪರವಾನಗಿ ಅಲ್ಲ.

ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಪುತ್ತೂರಿನ ಜವುಳಿ ಅಂಗಡಿಗೂ ಬೆಂಗಳೂರಿನ ಗಾಜಿನ ಕಟ್ಟಡಕ್ಕೂ ಅದೇ ಕಾಯ್ದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓವರ್‌ಟೈಮ್ ಸೇರಿದರೂ ದಿನಕ್ಕೆ 10 ಗಂಟೆ ದಾಟಬಾರದು, ಮೂರು ತಿಂಗಳಲ್ಲಿ ಓವರ್‌ಟೈಮ್ 50 ಗಂಟೆ ಮೀರಬಾರದು, ಅದಕ್ಕೆ ಎರಡು ಪಟ್ಟು ಕೂಲಿ. ನನ್ನ ಹದಿನಾಲ್ಕು ವರ್ಷದ ಸರ್ವಿಸಿನಲ್ಲಿ ಎರಡು ಪಟ್ಟು ಕೂಲಿ ಪಡೆದ ಒಬ್ಬನೇ ಒಬ್ಬ ಸಹೋದ್ಯೋಗಿಯನ್ನು ನಾನು ಕಂಡಿಲ್ಲ. ಹೇಗೆ ಕಾಣಲಿ? ಪುಸ್ತಕದಲ್ಲಿ 9 ಎಂದೇ ಇದೆಯಲ್ಲ. ಕಾರ್ಮಿಕ ಇಲಾಖೆಯವರು ಬಂದು ನೋಡಿದರೂ ಕಾನೂನು ಮೀರಿದ ಒಂದು ಗಂಟೆಯೂ ಸಿಗುವುದಿಲ್ಲ. ಆ ಗಂಟೆಗಳನ್ನು ಅಳಿಸಿದವರು ನಾವೇ. ಅಳಿಸದಿದ್ದರೆ ಅಪ್ರೈಸಲ್‌ನಲ್ಲಿ ಏನಾಗುತ್ತದೆಂದು ನಮಗೆ ಗೊತ್ತಿತ್ತು.

ಕಾನೂನು ಹೀಗಿರುವಾಗ 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಹಸ್ಥಾಪಕ ಎನ್. ಆರ್. ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷ ಎಸ್. ಎನ್. ಸುಬ್ರಹ್ಮಣ್ಯನ್ ಅದನ್ನು 90ಕ್ಕೆ ಏರಿಸಿದರು, ಭಾನುವಾರ ಮನೆಯಲ್ಲಿ ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂದೂ ಕೇಳಿದರು. ಮೂರ್ತಿಯವರ ಮೇಲೆ ನಮ್ಮ ರಾಜ್ಯಕ್ಕೆ ಗೌರವವಿದೆ, ನನಗೂ ಇದೆ. 1981ರಲ್ಲಿ ಹತ್ತು ಸಾವಿರ ರೂಪಾಯಿಯಿಂದ ಕಂಪನಿ ಕಟ್ಟಿದವರು ಹಗಲಿರುಳು ದುಡಿದರು ಎನ್ನುವುದು ನಿಜ. ಅವರು ತಮ್ಮ ಗದ್ದೆಯನ್ನು ತಾವು ಉತ್ತರು. ಬೆಳೆ ಅವರ ಅಂಗಳಕ್ಕೇ ಬಂತು. ಸ್ವಂತ ತೋಟಕ್ಕೆ ರಾತ್ರಿ ಎರಡಕ್ಕೆ ಎದ್ದು ನೀರು ಬಿಡುವ ಕೃಷಿಕ, ಬೇರೆಯವರ ತೋಟಕ್ಕೆ ಸಂಬಳಕ್ಕೆ ಬಂದವನಿಗೆ "ನನ್ನ ಹಾಗೆ ನೀನೂ ಎರಡಕ್ಕೆ ಏಳು" ಎಂದರೆ ಅದು ನ್ಯಾಯವೇ? 48 ಗಂಟೆಯ ಕಾನೂನು ಇರುವ ರಾಜ್ಯದಲ್ಲಿ ಕೂತು 70 ಎಂದು ಹೇಳುವುದು ಉಪದೇಶವಾಗಿ ಹೇಗೆ ಸಲ್ಲುತ್ತದೆ? ಅದನ್ನು ದೇಶಪ್ರೇಮ ಎಂದು ಕರೆದರೆ, ಸಂಜೆ ಆರಕ್ಕೆ ಮನೆಗೆ ಹೋಗಿ ಮಗುವಿಗೆ ಅಕ್ಷರ ತಿದ್ದಿಸುವ ತಾಯಿ ದೇಶಕ್ಕೆ ಏನು ದ್ರೋಹ ಮಾಡಿದಳು?

ದೇಹಕ್ಕೆ ಬೀಳುವ ಪೆಟ್ಟನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಲೆಕ್ಕ ಹಾಕಿ ಹೇಳಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ 35 ಶೇಕಡಾ ಹೆಚ್ಚು, ಹೃದ್ರೋಗದಿಂದ ಸಾಯುವ ಅಪಾಯ 17 ಶೇಕಡಾ ಹೆಚ್ಚು. 2016 ಒಂದೇ ವರ್ಷ ಈ ಕಾರಣಕ್ಕೆ ಜಗತ್ತಿನಲ್ಲಿ ಸತ್ತವರು ಸುಮಾರು 7 ಲಕ್ಷ 45 ಸಾವಿರ ಮಂದಿ. ಇದು 55 ಗಂಟೆಯ ಲೆಕ್ಕ. 70ರ ಮಾತು ಆಡುವವರು, 90ರ ಮಾತು ಆಡುವವರು ಈ ಲೆಕ್ಕವನ್ನು ಎಲ್ಲಿಟ್ಟುಕೊಂಡಿದ್ದಾರೆ?

2024ರ ಜುಲೈಯಲ್ಲಿ ಪುಣೆಯಲ್ಲಿ ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಯೊಂದರ 26 ವರ್ಷದ ಉದ್ಯೋಗಿ ತೀರಿಕೊಂಡಳು. ಕೆಲಸಕ್ಕೆ ಸೇರಿ ಆಗಿದ್ದದ್ದು ನಾಲ್ಕೇ ತಿಂಗಳು. ಕೇರಳದಲ್ಲಿದ್ದ ಅವಳ ತಾಯಿ ಸಂಸ್ಥೆಯ ಮುಖ್ಯಸ್ಥರಿಗೆ ಬರೆದ ಪತ್ರವನ್ನು ದೇಶವೇ ಓದಿತು. ಮಗಳ ಮೇಲೆ ಹೇರಿದ ಕೆಲಸದ ಭಾರವನ್ನು ವಿವರಿಸಿ, ಅಂತ್ಯಕ್ರಿಯೆಗೆ ಸಂಸ್ಥೆಯಿಂದ ಒಬ್ಬರೂ ಬರಲಿಲ್ಲ ಎಂದು ಆಕೆ ಬರೆದಿದ್ದರು. ಆಫೀಸಿನಲ್ಲಿ ನಾವೆಲ್ಲ ಒಂದೇ ಕುಟುಂಬ ಎನ್ನುವ ಮಾತನ್ನು ಹದಿನಾಲ್ಕು ವರ್ಷ ಕೇಳಿದವಳು ನಾನು. ನಮ್ಮ ಊರಿನಲ್ಲಿ ಸಾವಿನ ಸುದ್ದಿ ಬಂದರೆ ಮಾತು ಬಿಟ್ಟವರ ಮನೆಯವರೂ ಬಂದು ಅಂಗಳದಲ್ಲಿ ನಿಲ್ಲುತ್ತಾರೆ. ಅಷ್ಟೂ ಮಾಡದವರು ಯಾವ ಕುಟುಂಬ?

ಈಗ ಎಲ್ಲಕ್ಕಿಂತ ದೊಡ್ಡ ಆರೋಪಕ್ಕೆ ಬರುತ್ತೇನೆ. ಇದು ಕಂಪನಿಗಳ ಮೇಲಿನದಲ್ಲ, ನಮ್ಮ ಸರ್ಕಾರದ ಮೇಲಿನದು. 1946ರಲ್ಲೇ ದೇಶದಲ್ಲಿ ಕೈಗಾರಿಕಾ ಉದ್ಯೋಗ (ಸ್ಥಾಯಿ ಆದೇಶಗಳು) ಕಾಯ್ದೆ ಬಂತು. ಅದರ ಸಾರ ಇಷ್ಟು: ಕೆಲಸದ ಹೊತ್ತು, ರಜೆ, ಶಿಸ್ತುಕ್ರಮ, ಅಮಾನತು, ಕೆಲಸದಿಂದ ತೆಗೆಯುವುದು, ಇವೆಲ್ಲ ಯಾವ ನಿಯಮದ ಪ್ರಕಾರ ನಡೆಯುತ್ತವೆ ಎಂದು ಮಾಲೀಕ ಮೊದಲೇ ಬರೆದಿಡಬೇಕು, ಅದನ್ನು ಸರ್ಕಾರದ ಅಧಿಕಾರಿ ನೋಡಿ ಪ್ರಮಾಣೀಕರಿಸಬೇಕು, ಕೆಲಸಗಾರನಿಗೆ ಅದು ತಿಳಿದಿರಬೇಕು. ಅಂದರೆ ಮಾಲೀಕನ ಕೈಗೂ ಒಂದು ಪುಸ್ತಕ. ಕರ್ನಾಟಕ ಸರ್ಕಾರ 2014ರಲ್ಲಿ ಐಟಿ ಉದ್ಯಮಕ್ಕೆ ಈ ಕಾಯ್ದೆಯಿಂದ ಐದು ವರ್ಷ ವಿನಾಯಿತಿ ಕೊಟ್ಟಿತು. 2019ರಲ್ಲಿ ಮತ್ತೆ ಐದು ವರ್ಷ. 2024ರಲ್ಲಿ ಮತ್ತೆ ಐದು ವರ್ಷ. ಹತ್ತಿ ಗಿರಣಿಗೆ ಬೇಕಾದ ನಿಯಮ ಲಕ್ಷಾಂತರ ಇಂಜಿನಿಯರುಗಳು ದುಡಿಯುವ ಉದ್ಯಮಕ್ಕೆ ಏಕೆ ಬೇಡ? ಮೊದಲ ಐದು ವರ್ಷಕ್ಕೆ, ಉದ್ಯಮ ಇನ್ನೂ ಎಳೆಯದು ಎಂಬ ನೆಪವನ್ನಾದರೂ ಹೇಳಬಹುದಿತ್ತೇನೋ. ಮೂರನೆಯ ಬಾರಿಗೆ ಯಾವ ನೆಪ?

ಆ ವಿನಾಯಿತಿಗೂ ಷರತ್ತುಗಳಿವೆ ಎಂಬುದು ನಮ್ಮ ಹುಡುಗರಲ್ಲಿ ಎಷ್ಟು ಮಂದಿಗೆ ಗೊತ್ತು? ಲೈಂಗಿಕ ಕಿರುಕುಳದ ದೂರು ಕೇಳಲು 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಬೇಕು. ಮಾಲೀಕರ ಕಡೆಯವರು ಮತ್ತು ಉದ್ಯೋಗಿಗಳು ಸಮಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿ ಇರಬೇಕು. ಅಮಾನತು, ವಜಾ, ಹಿಂಬಡ್ತಿ ಏನೇ ಆದರೂ ಆ ಪ್ರದೇಶದ ಉಪ ಕಾರ್ಮಿಕ ಆಯುಕ್ತರಿಗೂ ಕಾರ್ಮಿಕ ಆಯುಕ್ತರಿಗೂ ತಿಳಿಸಬೇಕು. ಹದಿನಾಲ್ಕು ವರ್ಷದಲ್ಲಿ ಮೂರು ಕಂಪನಿ ನೋಡಿದೆ. ಅರ್ಧ ಮಂದಿ ಉದ್ಯೋಗಿಗಳೇ ಇರುವ ಕುಂದುಕೊರತೆ ಸಮಿತಿ ನನ್ನ ಕಣ್ಣಿಗೆ ಎಲ್ಲೂ ಬೀಳಲಿಲ್ಲ. ದೂರು ಇದ್ದರೆ ಎಚ್ಆರ್ ಹತ್ತಿರ ಹೋಗು ಎನ್ನುತ್ತಿದ್ದರು. ಎಚ್ಆರ್ ಯಾರ ಸಂಬಳ ತಿನ್ನುವವರು?

ಕೊನೆಯ ಕಂಪನಿಯಿಂದ ನನ್ನನ್ನು ತೆಗೆದ ರೀತಿ ಹೇಳುತ್ತೇನೆ. ಅತ್ತೆಗೆ ಹುಷಾರಿಲ್ಲದೆ ಮೂರು ವಾರ ರಜೆ ಹಾಕಿ ವಾಪಸು ಹೋದಾಗ ನಾನು ಬೆಂಚಿನಲ್ಲಿದ್ದೆ. ಬೆಂಚ್ ಎಂದರೆ ಸಂಬಳ ಇದೆ, ಪ್ರಾಜೆಕ್ಟ್ ಇಲ್ಲ. ಒಂದು ತಿಂಗಳು ದಿನಕ್ಕೆರಡು ಆಂತರಿಕ ಇಂಟರ್‌ವ್ಯೂ ಕೊಟ್ಟೆ. ಆಮೇಲೆ ಒಂದು ಮಧ್ಯಾಹ್ನ ಎಚ್ಆರ್‌ನಿಂದ ಹದಿನೈದು ನಿಮಿಷದ ಮೀಟಿಂಗ್‌ಗೆ ಕರೆ ಬಂತು, ವಿಷಯದ ಜಾಗದಲ್ಲಿ ನನ್ನ ಹೆಸರು ಮಾತ್ರ ಇತ್ತು. ಪರದೆಯ ಮೇಲೆ ಇಬ್ಬರು. ಒಬ್ಬರನ್ನು ನಾನು ಮೊದಲು ನೋಡಿಯೇ ಇರಲಿಲ್ಲ. "ನೀವೇ ರಾಜೀನಾಮೆ ಕೊಟ್ಟರೆ ರಿಲೀವಿಂಗ್ ಲೆಟರ್ ಚೆನ್ನಾಗಿ ಬರುತ್ತದೆ. ಇಲ್ಲದಿದ್ದರೆ ಟರ್ಮಿನೇಷನ್ ಎಂದು ಬರೆಯಬೇಕಾಗುತ್ತದೆ, ಮುಂದೆ ಎಲ್ಲೂ ಕೆಲಸ ಸಿಗುವುದು ಕಷ್ಟ. ಯೋಚಿಸಲು ಸಂಜೆ ಐದರವರೆಗೆ ಸಮಯ ಇದೆ." ನಾಲ್ಕೂವರೆಗೆ ನಾನೇ ಟೈಪ್ ಮಾಡಿದೆ, ವೈಯಕ್ತಿಕ ಕಾರಣಗಳಿಂದ ಎಂದು. ಆರು ಗಂಟೆಗೆ ಲಾಗಿನ್ ಹೋಯಿತು. ಸ್ವಂತ ದುಡಿಮೆಯ ಬಗ್ಗೆ ನಾನು ಬರೆದ ಕೊನೆಯ ಸುಳ್ಳು ಅದು.

ಹೀಗೆ ಹೋದವರು ಎಷ್ಟು ಸಾವಿರ ಮಂದಿ? ಯಾವ ಪುಸ್ತಕದಲ್ಲೂ ಇಲ್ಲ. ಎಲ್ಲರೂ ವೈಯಕ್ತಿಕ ಕಾರಣದಿಂದ ಬಿಟ್ಟವರೇ. ಬೇಡವಾದರೆ ಬಿಟ್ಟು ಹೋಗಬಹುದಲ್ಲ ಎಂದು ಹೇಳುವವರು ಇದನ್ನು ಕೇಳಬೇಕು: ಉದ್ಯೋಗಿ ಬಿಡುವುದಾದರೆ 90 ದಿನ ಮೊದಲೇ ನೋಟಿಸ್ ಕೊಡಬೇಕು. ಕಂಪನಿಗೆ ಬೇಡವಾದರೆ ಒಂದು ಮಧ್ಯಾಹ್ನ ಸಾಕು. ರಿಲೀವಿಂಗ್ ಲೆಟರ್ ಅವರ ಕೈಯಲ್ಲಿ, ಮುಂದಿನ ಕಂಪನಿಯವರು ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಮಾಡುವಾಗ ಹೇಳುವ ಮಾತೂ ಅವರ ಬಾಯಲ್ಲಿ. ಇಷ್ಟನ್ನೂ ಒಬ್ಬರ ಕೈಯಲ್ಲೇ ಇಟ್ಟು, ಇಬ್ಬರೂ ಸಮಾನರಾಗಿ ಒಪ್ಪಂದ ಮಾಡಿಕೊಂಡಿದ್ದಾರೆ ಎಂದು ಹೇಳಲು ಹೇಗೆ ಸಾಧ್ಯ?

2025ರ ಫೆಬ್ರುವರಿಯಲ್ಲಿ ಮೈಸೂರಿನ ಇನ್ಫೋಸಿಸ್ ಆವರಣದಿಂದ 300ಕ್ಕೂ ಹೆಚ್ಚು ತರಬೇತಿಯಲ್ಲಿದ್ದ ಹುಡುಗ ಹುಡುಗಿಯರನ್ನು ಒಟ್ಟಿಗೆ ಕಳಿಸಿದರು. ಆಂತರಿಕ ಪರೀಕ್ಷೆಗೆ ಮೂರು ಅವಕಾಶ ಕೊಟ್ಟಿದ್ದೆವು, ಪಾಸಾಗಲಿಲ್ಲ ಎಂದು ಕಂಪನಿ ಹೇಳಿತು. ಆದರೆ ಅವರಲ್ಲಿ ಬಹಳ ಮಂದಿಗೆ ಆಫರ್ ಲೆಟರ್ ಬಂದದ್ದು 2022ರಲ್ಲಿ, ಸೇರಿಸಿಕೊಂಡದ್ದು 2024ರ ಕೊನೆಗೆ. ಎರಡು ವರ್ಷ ಮನೆಯಲ್ಲಿ ಕೂತು ಕಾದವರು ಅವರು. ಪುಣೆಯ ಉದ್ಯೋಗಿ ಸಂಘಟನೆ ನೈಟ್ಸ್ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತು, ಸಚಿವಾಲಯ ರಾಜ್ಯಕ್ಕೆ ಬರೆಯಿತು. ತರಬೇತಿಯಲ್ಲಿರುವವರು ಪೂರ್ಣ ಉದ್ಯೋಗಿಗಳಲ್ಲ ಎಂಬ ವಾದ ಆಗ ಎದ್ದಿತು. ಗಮನಿಸಿ, ಯಾವಾಗಲೂ ಇದೇ ವಾದ. ಸೇರುವ ಮೊದಲು ನೀನು ಇನ್ನೂ ಉದ್ಯೋಗಿಯಲ್ಲ. ಸೇರಿದ ಮೇಲೆ ನೀನು ಟ್ರೈನಿ, ಉದ್ಯೋಗಿಯಲ್ಲ. ಹತ್ತು ವರ್ಷವಾದ ಮೇಲೆ ನಿನ್ನ ಹುದ್ದೆಯ ಹೆಸರಿನಲ್ಲಿ ಲೀಡ್ ಅಥವಾ ಕನ್ಸಲ್ಟೆಂಟ್ ಎಂದಿದೆ, ಹಾಗಾಗಿ ಕಾರ್ಮಿಕನಲ್ಲ. ಹಾಗಾದರೆ ಕಾನೂನು ಕಾಯುವ ಕಾರ್ಮಿಕ ಯಾರು?

ಈ ಪ್ರಶ್ನೆಗೆ ಉತ್ತರ ಅಮ್ಮನ ಬೀಡಿಯಲ್ಲಿದೆ. ಒಂದು ಕಾಲದಲ್ಲಿ ಬೀಡಿ ಮಾಲೀಕರೂ ಇದನ್ನೇ ಹೇಳುತ್ತಿದ್ದರು: ಮನೆಯಲ್ಲಿ ಕೂತು, ತಮಗೆ ಬೇಕಾದ ಹೊತ್ತಿಗೆ ಬೀಡಿ ಕಟ್ಟುವ ಹೆಂಗಸರು ನಮ್ಮ ಕೆಲಸಗಾರರಲ್ಲ, ಅವರಿಗೆ ಪಿಎಫ್ ಕೊಡಬೇಕಿಲ್ಲ. ಸಂಘಟನೆಗಳು ಹೋರಾಡಿದವು. 1966ರಲ್ಲಿ ಬೀಡಿ ಕಾರ್ಮಿಕರಿಗೆಂದೇ ಕಾಯ್ದೆ ಬಂತು, 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆ ಬಂತು. ಪಿಎಫ್ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕಟ್ಟಿದ ಬೀಡಿಯನ್ನು ಸರಿಯಿಲ್ಲವೆಂದು ತೆಗೆದುಹಾಕುವ ಹಕ್ಕು ಮಾಲೀಕನಿಗಿದೆ, ಹಾಗಿರುವಾಗ ಮನೆಯಲ್ಲಿ ಕೂತು ಕಟ್ಟಿದರೂ ಅವರು ಅವನ ಕೆಲಸಗಾರರೇ ಎಂದು ಕೋರ್ಟು 1985ರಲ್ಲಿ ಹೇಳಿತು. ದಕ್ಷಿಣ ಕನ್ನಡದ ಎಷ್ಟು ಸಾವಿರ ಮನೆಯ ಹೆಣ್ಣುಮಕ್ಕಳ ಮದುವೆ, ಎಷ್ಟು ಮಕ್ಕಳ ಕಾಲೇಜು ಫೀಸು ಆ ಪಿಎಫ್ ಹಣದಿಂದ ನಡೆದಿದೆ! ನನ್ನ ಇಂಜಿನಿಯರಿಂಗ್‌ನ ಕೊನೆಯ ವರ್ಷದ ಫೀಸೂ ಅದರಿಂದಲೇ.

ಜಗಲಿಯಲ್ಲಿ ಕೂತು ಬೀಡಿ ಕಟ್ಟಿದ ಅಮ್ಮ ಕೆಲಸಗಾರಳು. ಅದೇ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟು ಕೆಲಸ ಮಾಡಿದ ಮಗಳು ಕೆಲಸಗಾರಳಲ್ಲ ಎನ್ನುವುದು ಯಾವ ನ್ಯಾಯ? ಬರೆದ ಕೋಡನ್ನು, ಮಾಡಿದ ಟೆಸ್ಟನ್ನು ಸರಿಯಿಲ್ಲವೆಂದು ವಾಪಸು ಕಳಿಸುವವರು ಇಲ್ಲೂ ಇದ್ದಾರಲ್ಲ. 2015ರಲ್ಲಿ ಟಿಸಿಎಸ್ ಕೆಲಸದಿಂದ ತೆಗೆದ ಚೆನ್ನೈನ ಒಬ್ಬ ಉದ್ಯೋಗಿ ಏಳು ವರ್ಷ ಕೋರ್ಟು ಅಲೆದರು. ಅವರು ಮ್ಯಾನೇಜರ್ ದರ್ಜೆಯವರು, ಕಾರ್ಮಿಕರಲ್ಲ ಎಂದು ಕಂಪನಿ ವಾದಿಸಿತು. ಹುದ್ದೆಯ ಹೆಸರಲ್ಲ, ಮಾಡುವ ಕೆಲಸ ಮುಖ್ಯ, ಇವರು ಕಾರ್ಮಿಕರೇ, ಮರಳಿ ಸೇರಿಸಿಕೊಳ್ಳಿ ಎಂದು ಕಾರ್ಮಿಕ ನ್ಯಾಯಾಲಯ 2022ರಲ್ಲಿ ತೀರ್ಪು ಕೊಟ್ಟಿತು. ಒಬ್ಬ ಮನುಷ್ಯ ಏಳು ವರ್ಷ ಕಳೆದುಕೊಂಡು ಗೆದ್ದದ್ದನ್ನು ನಮ್ಮಲ್ಲಿ ಎಷ್ಟು ಮನೆಯವರು ಮಾತಾಡಿಕೊಂಡಿದ್ದಾರೆ?

ಮಾತಾಡಿಕೊಳ್ಳುವುದಿಲ್ಲ, ಏಕೆಂದರೆ ನಮಗೆ ಆ ದುಡಿಮೆ ಕಣ್ಣಿಗೆ ಕಾಣುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಕಂಡಿತ್ತು. ಬೆಂಗಳೂರಿನಿಂದ ಮಕ್ಕಳೆಲ್ಲ ಊರಿಗೆ ಬಂದರು. ಮನೆಯೊಳಗೆ ನೆಟ್‌ವರ್ಕ್ ಇಲ್ಲದೆ ಕಡಬ, ಸುಳ್ಯದ ಕಡೆ ಗುಡ್ಡದ ಮೇಲೆ ಟಾರ್ಪಾಲು ಕಟ್ಟಿಕೊಂಡು ಕೂತರು. ನಾನು ಗೇರು ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡಿದ್ದೆ. ರಾತ್ರಿ ಹತ್ತಕ್ಕೆ ಮಳೆ ಹನಿಯುವಾಗ ಅಮ್ಮ ಟಾರ್ಚು ಹಿಡಿದು ಗುಡ್ಡ ಹತ್ತಿ ಬಂದಳು, ತಟ್ಟೆಗೆ ಬಾಳೆಲೆ ಮುಚ್ಚಿ ಗಂಜಿ, ಚಟ್ನಿ ತಂದಿದ್ದಳು. ನಾನು ಕಾಲ್‌ನಲ್ಲಿದ್ದೆ. ಕೈ ಸನ್ನೆ ಮಾಡಿ ಇಡಲು ಹೇಳಿದೆ. ಅವಳು ಇಡಲಿಲ್ಲ, ಕಲ್ಲಿನ ಮೇಲೆ ಕೂತು ನೋಡುತ್ತಿದ್ದಳು. ಕಾಲ್ ಮುಗಿದಾಗ ಹನ್ನೊಂದು ದಾಟಿತ್ತು. "ಇದನ್ನು ಯಾರು ಬರೆದುಕೊಳ್ಳುತ್ತಾರೆ?" ಎಂದು ಕೇಳಿದಳು. ಯಾರೂ ಇಲ್ಲ ಎಂದೆ. "ಮತ್ತೆ ಯಾಕೆ ಮಾಡುವುದು?" ಎಂದಳು. ನಾನು ಏನೋ ಹೇಳಿ ಗಂಜಿ ಕುಡಿದೆ. ಆ ಪ್ರಶ್ನೆಗೆ ಇವತ್ತಿನವರೆಗೂ ನನ್ನಲ್ಲಿ ಉತ್ತರ ಇಲ್ಲ.

ಐಟಿ ಎಂದರೆ ಹಗಲು ರಾತ್ರಿ ನಡೆಯುವ ಜಾಗತಿಕ ಉದ್ಯಮ, ಅದಕ್ಕೆ ಗಂಟೆ ಲೆಕ್ಕ ಹೊಂದುವುದಿಲ್ಲ ಎನ್ನುತ್ತಾರೆ. ಶಿರಾಡಿ ಘಾಟಿಯಲ್ಲಿ ರಾತ್ರಿಯೆಲ್ಲ ಬಸ್ಸು ಓಡುತ್ತದೆ. ಹಾಗೆಂದು ಒಬ್ಬನೇ ಚಾಲಕ ಮೂರು ದಿನ ಓಡಿಸುವುದಿಲ್ಲ. ಸಾರಿಗೆ ಕೆಲಸಗಾರರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಕಾನೂನು 1961ರಲ್ಲೇ ಹೇಳಿತು. ಆಸ್ಪತ್ರೆ ರಾತ್ರಿ ನಡೆಯುತ್ತದೆ, ದಾದಿಯರಿಗೆ ಪಾಳಿ ಇದೆ. ಅಮೆರಿಕದ ಹಗಲಿಗೆ ಹೊಂದಿಕೊಳ್ಳಬೇಕಾದರೆ ಎರಡನೇ ಪಾಳಿಗೆ ಇನ್ನೊಬ್ಬರನ್ನು ತೆಗೆದುಕೊಳ್ಳಿ. ಕೆಲಸವಿಲ್ಲದ ಇಂಜಿನಿಯರುಗಳಿಗೆ ನಮ್ಮಲ್ಲೇನು ಬರಗಾಲವೇ? ಇಬ್ಬರ ಕೆಲಸವನ್ನು ಒಬ್ಬನಿಂದ ಮಾಡಿಸಿಕೊಂಡು ಇನ್ನೊಬ್ಬನನ್ನು ಎರಡು ವರ್ಷ ಮನೆಯಲ್ಲಿ ಕಾಯಿಸುವುದು ಯಾವ ಜಾಗತಿಕ ಪದ್ಧತಿ? ಅದೇ ಜಾಗತಿಕ ಲೋಕದ ಫ್ರಾನ್ಸಿನಲ್ಲಿ ಕೆಲಸದ ಹೊತ್ತು ಮುಗಿದ ಮೇಲೆ ಆಫೀಸಿನ ಫೋನು, ಮೇಲ್‌ಗಳಿಂದ ದೂರ ಇರುವ ಹಕ್ಕು 2017ರಿಂದ ಕಾನೂನಿನಲ್ಲಿದೆ. ಆಸ್ಟ್ರೇಲಿಯಾದಲ್ಲಿ 2024ರಿಂದ ಇದೆ.

ನಿಯಮ ಬಿಗಿ ಮಾಡಿದರೆ ಕಂಪನಿಗಳು ಹೈದರಾಬಾದಿಗೆ ಹೋಗುತ್ತವೆ ಎಂಬ ಬೆದರಿಕೆ ಮತ್ತೊಂದು. ಆದರೆ ಇಲ್ಲಿ ನಡೆದದ್ದು ನಿಯಮ ಸಡಿಲಿಸುವ ಪ್ರಯತ್ನವೇ. 2024ರ ಜುಲೈಯಲ್ಲಿ ಐಟಿ ಉದ್ಯೋಗಿಗಳ ದಿನವನ್ನು 12 ಗಂಟೆಗಿಂತಲೂ ಹೆಚ್ಚಿಗೆ ಎಳೆಯುವ ಪ್ರಸ್ತಾಪ ಸರ್ಕಾರದ ಮುಂದೆ ಬಂದಾಗ, ಉದ್ಯಮದ ಒತ್ತಡವಿದೆ ಎಂದು ಕಾರ್ಮಿಕ ಸಚಿವ ಸಂತೋಷ್ ಲಾಡ್ ಅವರೇ ಹೇಳಿದರು. ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ, ಕಿಟು, ಬೀದಿಗಿಳಿದ ಮೇಲೆ ಅದು ಹಿಂದೆ ಸರಿಯಿತು. 2025ರ ಜೂನ್‌ನಲ್ಲಿ ಇನ್ನೊಂದು ರೂಪದಲ್ಲಿ ಬಂತು: ದಿನಕ್ಕೆ 10 ಗಂಟೆ, ಓವರ್‌ಟೈಮ್ ಸೇರಿ 12, ಮೂರು ತಿಂಗಳಿಗೆ ಓವರ್‌ಟೈಮ್ ಮಿತಿ 50ರಿಂದ 144ಕ್ಕೆ. ಅದೇ ತಿಂಗಳು ಟಿಸಿಎಸ್ ವರ್ಷಕ್ಕೆ 35 ದಿನಕ್ಕಿಂತ ಹೆಚ್ಚು ಬೆಂಚಿನಲ್ಲಿ ಇರುವಂತಿಲ್ಲ ಎಂಬ ನಿಯಮ ತಂದಿತು, ಮರುತಿಂಗಳು 12 ಸಾವಿರಕ್ಕೂ ಹೆಚ್ಚು ಮಂದಿಯನ್ನು ಬಿಡುವುದಾಗಿ ಪ್ರಕಟಿಸಿತು. ಒಂದು ಕಡೆ ಇದ್ದವರ ದಿನ ಉದ್ದ ಮಾಡಬೇಕು, ಇನ್ನೊಂದು ಕಡೆ ಜನ ಹೆಚ್ಚಾದರು ಎಂದು ಕಳಿಸಬೇಕು. ಈ ಎರಡು ಮಾತು ಒಟ್ಟಿಗೆ ಹೇಗೆ ನಿಜವಾಗುತ್ತವೆ?

ಬೆದರಿಕೆಯ ಈ ಧಾಟಿ ನಮ್ಮ ಜಿಲ್ಲೆಗೆ ಹೊಸತಲ್ಲ. ನನ್ನ ಅಜ್ಜ ಗೇಣಿ ಒಕ್ಕಲು. 1974ರ ಭೂಸುಧಾರಣೆ ಬಂದಾಗ, ಉಳುತ್ತಿದ್ದ ಭೂಮಿ ತನಗೆ ಬೇಕೆಂದು ಡಿಕ್ಲರೇಶನ್ ಕೊಡಲು ಅಜ್ಜ ಹೆದರಿದ್ದರಂತೆ. "ಧಣಿಗಳ ಅನ್ನ ಉಂಡು ಅವರ ಮೇಲೆಯೇ ಅರ್ಜಿ ಕೊಡುವುದಾ?" ಎಂದು ಕೇಳಿದವರು ಅಕ್ಕಪಕ್ಕದ ಒಕ್ಕಲುಗಳೇ. ಒಕ್ಕಲುಗಳಿಗೆ ಭೂಮಿ ಕೊಟ್ಟರೆ ಕೃಷಿ ಹಾಳಾಗುತ್ತದೆ, ಊರು ಉಪವಾಸ ಬೀಳುತ್ತದೆ ಎಂದೂ ಹೇಳಿದರು. ಅಜ್ಜ ಕೊನೆಗೆ ಫಾರ್ಮ್ 7 ತುಂಬಿಸಿದರು. ಊರು ಉಪವಾಸ ಬೀಳಲಿಲ್ಲ. ಆ ಒಂದೂವರೆ ಎಕರೆಯಲ್ಲಿ ಇವತ್ತು ಅಡಿಕೆ ಇದೆ, ಕೆಲಸ ಕಳೆದುಕೊಂಡ ನನಗೆ ಹಿಂತಿರುಗಲು ಒಂದು ಮನೆ ಇದೆ. ಚಪ್ಪರದ ಕೆಳಗೆ ಅನ್ನ ಕೊಟ್ಟ ಕಂಪನಿ ಎಂದವರಲ್ಲಿ ಹೆಚ್ಚಿನವರು ಹಾಗೆ ಡಿಕ್ಲರೇಶನ್ ಕೊಟ್ಟವರ ಮಕ್ಕಳೇ. ಅಪ್ಪಂದಿರು ಬಿಟ್ಟ ಮಾತನ್ನು ಮಕ್ಕಳು ಮೊಮ್ಮಕ್ಕಳಿಗೆ ಹೇಗೆ ಹೇಳುತ್ತಾರೆ?

ಆದ್ದರಿಂದ ಆಗಬೇಕಾದದ್ದು ಇಷ್ಟು. ಐಟಿ ಉದ್ಯಮಕ್ಕೆ ಕೊಟ್ಟ ವಿನಾಯಿತಿಯನ್ನು ಸರ್ಕಾರ ತೆಗೆಯಬೇಕು. 1946ರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಹಳೆಯ ವಿನಾಯಿತಿಯನ್ನು ಅದರೊಳಗೆ ಮತ್ತೆ ತೂರಿಸಬಾರದು. ಟೈಮ್‌ಶೀಟ್ ಉದ್ಯೋಗಿಯ ಭಯದಿಂದ ತುಂಬುವ ಕಾಗದ ಆಗಬಾರದು. ಲಾಗಿನ್ ಎಷ್ಟಕ್ಕೆ, ಲಾಗ್‌ಔಟ್ ಎಷ್ಟಕ್ಕೆ ಎಂಬುದು ಪ್ರತಿ ಕಂಪನಿಯ ಸರ್ವರ್‌ನಲ್ಲಿ ಸೆಕೆಂಡಿನ ಲೆಕ್ಕಕ್ಕೆ ಇದೆ, ಕಾರ್ಮಿಕ ಇಲಾಖೆ ಅದನ್ನೇ ತರಿಸಿ ನೋಡಲಿ. ಒತ್ತಾಯದ ರಾಜೀನಾಮೆಯನ್ನು ವಜಾ ಎಂದೇ ಎಣಿಸಬೇಕು. ವಿನಾಯಿತಿ ಪಡೆದ ಕಂಪನಿಗಳು 2014ರಿಂದ ಷರತ್ತು ಪಾಲಿಸಿದವೇ, ಎಷ್ಟು ವಜಾಗಳನ್ನು ಇಲಾಖೆಗೆ ತಿಳಿಸಿದವು ಎಂಬುದನ್ನು ಕಂಪನಿವಾರು ಪ್ರಕಟಿಸಬೇಕು. ನಮ್ಮ ಶಾಸಕರು ಇದನ್ನು ವಿಧಾನಸಭೆಯಲ್ಲಿ ಕೇಳಬೇಕು. ಪುತ್ತೂರು, ಸುಳ್ಯ, ಕಡಬದ ಮಕ್ಕಳು ಅಲ್ಲಿ ದುಡಿಯುತ್ತಿದ್ದಾರೆ, ಇದು ಬೆಂಗಳೂರಿನ ಶಾಸಕರ ವಿಷಯ ಮಾತ್ರ ಅಲ್ಲ.

ದುಡಿಯುವ ಹುಡುಗ ಹುಡುಗಿಯರಿಗೆ: ಸಂಘ ಸೇರಿ. ಬೀಡಿ ಕಟ್ಟಿದವರು ಸೇರಿದ್ದರಿಂದಲೇ ಬೀಡಿ ಪುಸ್ತಕ ಬಂತು. ರಾಜೀನಾಮೆ ಬರೆ ಎಂದವರ ಎದುರು ಅದೇ ಸಂಜೆ ಬರೆಯಬೇಡಿ. ನಾನು ಬರೆದೆ, ನೀವು ಬರೆಯಬೇಡಿ. ಮಾಡಿದ ಗಂಟೆಯನ್ನು ಮಾಡಿದಷ್ಟೇ ಬರೆಯಿರಿ, ಒಬ್ಬರೇ ಅಲ್ಲ, ಇಡೀ ಟೀಮಿನವರು ಒಂದೇ ಶುಕ್ರವಾರ.

ಊರಿನಲ್ಲಿರುವ ಅಪ್ಪ ಅಮ್ಮಂದಿರಿಗೆ: ಭಾನುವಾರ ರಾತ್ರಿ ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಕ್ಕಳನ್ನು ಬಸ್ಸಿಗೆ ಹತ್ತಿಸುತ್ತೀರಿ. ಅಕ್ಕಿ, ತೆಂಗಿನಕಾಯಿ, ಉಪ್ಪಿನಕಾಯಿಯ ಕಟ್ಟು ಮೇಲಿಡುತ್ತೀರಿ. ಹೊಂದಿಕೊಂಡು ಹೋಗು ಎಂದು ಹೇಳಿ ಕಳಿಸುತ್ತೀರಿ. ಈ ಸಲ ಅದನ್ನು ಹೇಳಬೇಡಿ. ಈ ವಾರ ಎಷ್ಟು ಗಂಟೆ ದುಡಿದೆ, ಅದರಲ್ಲಿ ಎಷ್ಟು ಬರೆದೆ ಎಂದು ಕೇಳಿ. ಎರಡೂ ಒಂದೇ ಇಲ್ಲದಿದ್ದರೆ, ಪುನಃ ಎಣಿಸಲು ಹೇಳು ಎನ್ನಿ.